ವಿಜಯವೆಂಬ ಹೆಸರಿನ ಗಡಿಯಾರ

ಸೋವಿಯತ್ ಕಾಲದ ಕೆಲವು ‘ಕಮಾಂದಿರ್‌ಸ್ಕಿಯೆ’ ಕೈಗಡಿಯಾರಗಳ ಡಯಲ್ಲಿನ ತಳಭಾಗದಲ್ಲಿ ರಷ್ಯನ್ ಲಿಪಿಯ ಒಂದು ಪುಟ್ಟ ಸಾಲು ಇರುತ್ತದೆ: ‘ಝಕಾಝ್ ಎಂ.ಓ. ಎಸ್.ಎಸ್.ಎಸ್.ಆರ್.’ ಸೋವಿಯತ್ ಒಕ್ಕೂಟದ ರಕ್ಷಣಾ ಸಚಿವಾಲಯದ ಬೇಡಿಕೆಯ ಮೇರೆಗೆ ತಯಾರಾದದ್ದು ಎಂದು ಅದರ ಅರ್ಥ. ಹಳೆಯ ವಾಚು ಸಂಗ್ರಹಿಸುವವರು ಇಂದು ಭೂತಗನ್ನಡಿ ಹಿಡಿದು ಹುಡುಕುವುದು ಈ ಸಾಲನ್ನೇ. ಇದ್ದರೆ ಅದು ‘ಸೈನಿಕ ಪರಂಪರೆ’ಯ ವಸ್ತು. ಇಲ್ಲದಿದ್ದರೆ ಇನ್ನೊಂದು ಹಳೆಯ ವಾಚು, ಅಷ್ಟೆ.

ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳ ಇತಿಹಾಸ ನನ್ನ ಸಂಶೋಧನೆಯ ವಿಷಯ. ರಷ್ಯದ ಕೀಲಿ ಗಡಿಯಾರಗಳ ಬಗ್ಗೆ ಓದತೊಡಗಿದಾಗ ಮೊದಲು ಎದುರಾದದ್ದು ಅವುಗಳ ಸುತ್ತ ಬೆಳೆದ ವೀರಕಥೆಗಳು. ಗಗನಯಾತ್ರಿ ಕಟ್ಟಿದ ವಾಚು, ಪೈಲಟ್ ಕಟ್ಟಿದ ವಾಚು, ಮುಳುಗುಗಾರ ಕಟ್ಟಿದ ವಾಚು. ಈ ಕಥೆಗಳಲ್ಲಿ ಬಹುಪಾಲು ನಿಜವೇ. ಆದರೆ ಅಷ್ಟಕ್ಕೇ ನಿಂತರೆ ನಾವು ಡಯಲ್ಲನ್ನು ಮಾತ್ರ ನೋಡಿದಂತೆ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಅಮೆರಿಕದ ಯಂತ್ರಗಳಿವೆ, ಫ್ರಾನ್ಸಿನ ವಿನ್ಯಾಸವಿದೆ, ಸೋತ ಜರ್ಮನಿಯಿಂದ ಹೊತ್ತು ತಂದ ಸರಕಿದೆ. ಊರು ಬಿಟ್ಟು ಬಂದ ಒಂದು ಕಾರ್ಖಾನೆಯಿದೆ. ಅದೇ ಊರಿಗೆ ಆಶ್ರಯ ಬೇಡಿ ಬಂದ ಕವಿಗಳೂ, ಅದೇ ಊರಿನ ಜೈಲೂ ಇವೆ. ಪರಂಪರೆ ಎಂಬ ಮಾತನ್ನು ಬಳಸುವುದಾದರೆ ಇವನ್ನೆಲ್ಲ ಸೇರಿಸಿಕೊಂಡೇ ಬಳಸಬೇಕು ಎಂಬುದು ಈ ಬರಹದ ವಾದ.

ಗಂಡಸರ ಮಣಿಕಟ್ಟಿಗೆ ಗಡಿಯಾರ ಬಂದದ್ದರಲ್ಲಿ ಯುದ್ಧದ ಪಾಲು ದೊಡ್ಡದು. ಮೊದಲ ಮಹಾಯುದ್ಧಕ್ಕೆ ಮುಂಚೆ ಕೈಗಡಿಯಾರವೆಂದರೆ ಹೆಚ್ಚಾಗಿ ಹೆಂಗಸರ ಆಭರಣ; ಗಂಡಸರ ಗಡಿಯಾರ ಇರುತ್ತಿದ್ದುದು ಸರಪಳಿಗೆ ಕಟ್ಟಿ ಜೇಬಿನಲ್ಲಿ. ಕಂದಕದಲ್ಲಿ ನಿಂತವನಿಗೆ ಜೇಬಿಗೆ ಕೈಹಾಕುವಷ್ಟು ಪುರುಸೊತ್ತಿರಲಿಲ್ಲ. ಹಿಂದಿನಿಂದ ಫಿರಂಗಿಗಳು ಗುಂಡು ಸುರಿಸುವುದು ನಿಂತ ನಿಮಿಷಕ್ಕೆ ಸರಿಯಾಗಿ ಕಾಲಾಳುಗಳು ಮುಂದೆ ನುಗ್ಗಬೇಕು. ಒಂದು ನಿಮಿಷ ಮೊದಲಾದರೆ ತಮ್ಮವರ ಗುಂಡಿಗೇ ಬಲಿ, ಒಂದು ನಿಮಿಷ ತಡವಾದರೆ ಶತ್ರುವಿನ ಮೆಷಿನ್‌ಗನ್ನಿಗೆ ಬಲಿ. ಎಲ್ಲರ ಗಡಿಯಾರಗಳೂ ಒಂದೇ ಹೊತ್ತನ್ನು ತೋರಿಸಬೇಕಾದ ಅಗತ್ಯ ಹೀಗೆ ಜೀವನ್ಮರಣದ ಪ್ರಶ್ನೆಯಾಯಿತು.

ಆ ಯುದ್ಧವನ್ನು ರಷ್ಯ ಪರದೇಶದ ಗಡಿಯಾರ ಕಟ್ಟಿಕೊಂಡೇ ಮಾಡಿತು. ತ್ಸಾರನ ಕಾಲದಲ್ಲಿ ಪಾವೆಲ್ ಬುರೆ, ಮೋಸರ್ ಮೊದಲಾದ ಹೆಸರುಗಳು ಮನೆಮಾತಾಗಿದ್ದವು. ಆದರೆ ಆ ವಾಚುಗಳ ಯಂತ್ರಭಾಗ ಬರುತ್ತಿದ್ದುದು ಸ್ವಿಟ್ಜರ್ಲೆಂಡಿನಿಂದ. ಕ್ರಾಂತಿಯ ನಂತರ ಬಂದ ಸರ್ಕಾರದ ಕೈಯಲ್ಲಿ ರೈಲು ಓಡಿಸುವ, ಕಾರ್ಖಾನೆಗಳ ಪಾಳಿ ನಡೆಸುವ, ಸೈನ್ಯ ಕಟ್ಟುವ ದೊಡ್ಡ ಯೋಜನೆಗಳಿದ್ದವು. ಇದಕ್ಕೆಲ್ಲ ಬೇಕಾದ ಗಡಿಯಾರಗಳನ್ನು ಸ್ವಂತವಾಗಿ ಮಾಡುವ ಶಕ್ತಿ ಮಾತ್ರ ಇರಲಿಲ್ಲ. ದೇಶದೊಳಗೇ ಗಡಿಯಾರ ತಯಾರಿಸಬೇಕೆಂಬ ತೀರ್ಮಾನ 1927ರ ಕೊನೆಯಲ್ಲಿ ಆಯಿತು. ತೀರ್ಮಾನ ಕೈಗೊಂಡ ಸಂಸ್ಥೆಯ ಹೆಸರು ‘ಶ್ರಮ ಮತ್ತು ರಕ್ಷಣಾ ಮಂಡಳಿ’. ದುಡಿಮೆಯ ಸಮಯ ಮತ್ತು ಯುದ್ಧದ ಸಮಯ, ಎರಡೂ ಆ ಹೆಸರಿನಲ್ಲೇ ಒಟ್ಟಾಗಿ ಕೂತಿದ್ದವು.

ಗಡಿಯಾರದ ಕಾರ್ಖಾನೆಯನ್ನು ಶೂನ್ಯದಿಂದ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಕೂದಲೆಳೆಯಷ್ಟು ಸಣ್ಣ ತಿರುಪು ಮಾಡಬೇಕಾದರೆ ಆ ತಿರುಪು ಕಡೆಯುವ ಯಂತ್ರ ಬೇಕು. ಆ ಯಂತ್ರವನ್ನು ಮಾಡುವುದಕ್ಕೆ ಇನ್ನೊಂದು ಯಂತ್ರ ಬೇಕು. ಸೋವಿಯತ್ ಅಧಿಕಾರಿಗಳು ಇದಕ್ಕೊಂದು ಅಡ್ಡದಾರಿ ಕಂಡುಕೊಂಡರು: ಕಾರ್ಖಾನೆಯನ್ನೇ ಕೊಂಡುಬಿಡುವುದು. ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ‘ಡ್ಯೂಬರ್-ಹ್ಯಾಂಪ್ಡೆನ್’ ಎಂಬ ಹಳೆಯ ವಾಚು ಕಂಪನಿ ದಿವಾಳಿಯೆದ್ದಿತ್ತು. ಬ್ರೂಕ್ಲಿನ್‌ನ ‘ಅನ್ಸೋನಿಯಾ’ ಗಡಿಯಾರ ಕಂಪನಿಯ ಸ್ಥಿತಿಯೂ ಅದೇ. ನ್ಯೂಯಾರ್ಕಿನಲ್ಲಿದ್ದ ‘ಅಮ್‌ತೋರ್ಗ್’ ಎಂಬ ಸೋವಿಯತ್ ವ್ಯಾಪಾರ ಸಂಸ್ಥೆಯ ಮೂಲಕ ಎರಡರ ಯಂತ್ರಗಳನ್ನೂ 1929ರ ಸುಮಾರಿಗೆ ಕೊಂಡರು. ಅಮೆರಿಕ ಸೋವಿಯತ್ ಒಕ್ಕೂಟವನ್ನು ಅಧಿಕೃತವಾಗಿ ಮಾನ್ಯ ಮಾಡಿದ್ದೇ 1933ರಲ್ಲಿ. ರಾಯಭಾರಿಗಳು ಹೋಗಿ ಬರುವ ಮೊದಲೇ ವಾಚು ಮಾಡುವ ಯಂತ್ರಗಳು ಸಮುದ್ರ ದಾಟಿದ್ದವು.

ಯಂತ್ರಗಳ ಜೊತೆ ಕ್ಯಾಂಟನ್ನಿನ ಇಪ್ಪತ್ತಕ್ಕೂ ಹೆಚ್ಚು ನುರಿತ ಕೆಲಸಗಾರರು 1930ರಲ್ಲಿ ಮಾಸ್ಕೋಗೆ ಹೊರಟರು. ತಮ್ಮ ಊರಿನಲ್ಲಿ ಕೆಲಸ ಕಳೆದುಕೊಂಡಿದ್ದ ಇವರು ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಸಮಾಜವಾದಿ ದೇಶಕ್ಕೆ ಹೋಗಿ ರಷ್ಯದ ಯುವಜನರಿಗೆ ಕಸುಬು ಕಲಿಸಿದರು. ಆ ವರ್ಷದ ಕೊನೆಗೆ ‘ಮೊದಲ ಸರ್ಕಾರಿ ಗಡಿಯಾರ ಕಾರ್ಖಾನೆ’ಯಿಂದ ‘ಟೈಪ್-1’ ಎಂಬ ವಾಚು ಹೊರಬಂತು. ವಾಸ್ತವದಲ್ಲಿ ಅದು ಹ್ಯಾಂಪ್ಡೆನ್ ಕಂಪನಿಯ ಜೇಬುಗಡಿಯಾರವೇ. ಆರಂಭದ ಕೆಲವು ವಾಚುಗಳ ಒಳಭಾಗದಲ್ಲಿ ಕ್ಯಾಂಟನ್, ಓಹಾಯೋ ಎಂಬ ಕೆತ್ತನೆ ಹಾಗೇ ಉಳಿದಿತ್ತು. ಕೆಂಪು ಸೈನ್ಯಕ್ಕೆ ಕೈಗಡಿಯಾರ ಬೇಕಾದಾಗ ಇದೇ ದಪ್ಪ ಯಂತ್ರಕ್ಕೆ ಪಟ್ಟಿ ಕಟ್ಟುವ ಕೊಂಡಿ ಬೆಸೆದು ಕೊಟ್ಟರು. ಮಣಿಕಟ್ಟಿನ ಮೇಲೆ ಡಬ್ಬಿಯಿಟ್ಟಂತೆ ಕಾಣುವ ಆ ವಾಚುಗಳು ಸೋವಿಯತ್ ಸೈನಿಕ ಗಡಿಯಾರಗಳ ಮೊದಲ ತಲೆಮಾರು. 1930ರ ದಶಕದ ನಡುವೆ ಕಾರ್ಖಾನೆಗೆ ಕೊಲೆಯಾದ ನಾಯಕ ಕಿರೋವ್‌ನ ಹೆಸರಿಟ್ಟರು. 1936ರಲ್ಲಿ ಫ್ರಾನ್ಸಿನ ‘ಲಿಪ್’ ಕಂಪನಿಯೊಡನೆ ಒಪ್ಪಂದವಾಗಿ, ಸಣ್ಣ ಕೈಗಡಿಯಾರಗಳ ವಿನ್ಯಾಸಗಳು ಪೆನ್ಜಾ ನಗರದ ಕಾರ್ಖಾನೆಗೆ ಬಂದವು. ಆಮೇಲಿನ ಕಥೆಗೆ ಇದು ಮುಖ್ಯ.

1941ರ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯ ಮಾಸ್ಕೋದ ಹೊಸ್ತಿಲಿಗೆ ಬಂದಾಗ ನೂರಾರು ಕಾರ್ಖಾನೆಗಳನ್ನು ಬಿಚ್ಚಿ ಪೂರ್ವಕ್ಕೆ ಸಾಗಿಸಲಾಯಿತು. ಮೊದಲ ಗಡಿಯಾರ ಕಾರ್ಖಾನೆ ಉರಾಲ್ ಪರ್ವತಸೀಮೆಯ ಝ್ಲಾತೊವುಸ್ತ್‌ಗೆ ಹೋಯಿತು. ಎರಡನೆಯದು ಕಾಮಾ ನದಿಯ ದಂಡೆಯ ಚಿಸ್ತೊಪೊಲ್ ಎಂಬ ಸಣ್ಣ ಊರಿಗೆ ಬಂತು. ಯುದ್ಧ ಮುಗಿದ ಮೇಲೂ ಅಲ್ಲಿ ಉಳಿದುಕೊಂಡ ಕಾರ್ಖಾನೆಯೇ ಮುಂದೆ ‘ವೊಸ್ತೊಕ್’ ಆಯಿತು.

ಸಾಹಿತ್ಯದ ಓದುಗರು ಚಿಸ್ತೊಪೊಲ್ ಹೆಸರನ್ನು ಬೇರೆ ಕಾರಣಕ್ಕೆ ಕೇಳಿರಬಹುದು. ಆ ವರ್ಷವೇ ಸೋವಿಯತ್ ಲೇಖಕರ ಸಂಘ ತನ್ನ ಸದಸ್ಯರನ್ನೂ ಅವರ ಕುಟುಂಬಗಳನ್ನೂ ಸಾಗಿಸಿದ್ದು ಇದೇ ಊರಿಗೆ. ಬೊರಿಸ್ ಪಾಸ್ತರ್ನಾಕ್ ಇಲ್ಲಿನ ಕೊರೆವ ಕೋಣೆಯಲ್ಲಿ ಕೂತು ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಅನುವಾದ ಮಾಡಿದ. ಅನ್ನಾ ಅಖ್ಮತೋವಾ ತಾಷ್ಕೆಂಟಿನ ದಾರಿಯಲ್ಲಿ ಇಲ್ಲಿ ತಂಗಿದ್ದಳು. ಮರೀನಾ ತ್ಸ್ವೆತಾಯೆವಾ ಎಂಬ ಮಹಾಕವಿಗೆ ಮಾತ್ರ ಸಿಕ್ಕಿದ್ದು ಪಕ್ಕದ ಯೆಲಾಬುಗಾದ ನೆಲೆ. ಚಿಸ್ತೊಪೊಲ್‌ಗೆ ಬರಲು ಆಕೆ ಒದ್ದಾಡಿದಳು. ಲೇಖಕರಿಗಾಗಿ ತೆರೆಯಲಿದ್ದ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡಿರೆಂದು ಆಗಸ್ಟ್ 26ರಂದು ಅರ್ಜಿ ಬರೆದಳು. ಐದು ದಿನಗಳ ನಂತರ ಯೆಲಾಬುಗಾದಲ್ಲಿ ನೇಣು ಹಾಕಿಕೊಂಡಳು. ಗಡಿಯಾರದ ಯಂತ್ರಗಳು ಊರಿಗೆ ಬಂದಿಳಿದದ್ದು ಅದರ ಬೆನ್ನಿಗೇ, ಆ ಚಳಿಗಾಲದಲ್ಲಿ. ಯುದ್ಧದಲ್ಲಿ ಒಂದು ರಾಷ್ಟ್ರ ಯಾವುದನ್ನು ಉಳಿಸಿಕೊಂಡಿತು, ಯಾರನ್ನು ಉಳಿಸಿಕೊಳ್ಳಲಿಲ್ಲ ಎಂದು ಕೇಳುವವರಿಗೆ ಚಿಸ್ತೊಪೊಲ್ ಒಂದು ಪಾಠ. ಕಾರ್ಖಾನೆಯನ್ನು ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಯುದ್ಧ ಗೆಲ್ಲುವಂತಿರಲಿಲ್ಲ. ಆದರೆ ಎರಡೂ ಒಂದೇ ವರ್ಷದ, ಒಂದೇ ನದಿದಂಡೆಯ ಸಂಗತಿಗಳು.

ಯುದ್ಧದ ಕೊನೆಗೆ ಸಂಬಂಧಿಸಿದ ಒಂದು ಫೋಟೋ ಇಡೀ ಜಗತ್ತಿಗೆ ಗೊತ್ತು. 1945ರ ಮೇ 2ರಂದು ಯೆವ್ಗೆನಿ ಖಾಲ್ದೇಯ್ ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಮೇಲೆ ತೆಗೆದ ಚಿತ್ರ ಅದು. ಒಬ್ಬ ಸೈನಿಕ ಕೆಂಪು ಬಾವುಟ ನೆಡುತ್ತಿದ್ದಾನೆ, ಇನ್ನೊಬ್ಬ ಕೆಳಗಿನಿಂದ ಅವನಿಗೆ ಆಸರೆ ಕೊಟ್ಟಿದ್ದಾನೆ. ಚಿತ್ರ ಅಚ್ಚಿಗೆ ಹೋಗುವ ಮುನ್ನ, ಕೆಳಗಿನವನ ಎರಡೂ ಮಣಿಕಟ್ಟುಗಳಲ್ಲಿ ವಾಚಿನಂಥದು ಕಾಣುತ್ತಿದೆ ಎಂಬುದು ಗಮನಕ್ಕೆ ಬಂತು. ಎರಡು ವಾಚು ಎಂದರೆ ಒಂದು ಲೂಟಿಯದು ಎಂದೇ ಜನ ತಿಳಿಯುತ್ತಾರೆ. ಖಾಲ್ದೇಯ್ ಸೂಜಿಯಿಂದ ನೆಗೆಟಿವ್ ಕೆರೆದು ಬಲಗೈಯದನ್ನು ಅಳಿಸಿದ. ಅದು ವಾಚಲ್ಲ, ಮಣಿಕಟ್ಟಿಗೆ ಕಟ್ಟುವ ದಿಕ್ಸೂಚಿ ಎಂದು ವಾದಿಸುವವರೂ ಇದ್ದಾರೆ. ಏನೇ ಇರಲಿ, ಅಳಿಸಬೇಕೆಂದು ಅನ್ನಿಸಿದ್ದೇ ದೊಡ್ಡ ಸುಳಿವು. ಸೋತವರ ಕೈಯಿಂದ ಗಡಿಯಾರ ಕಿತ್ತುಕೊಳ್ಳುವುದು ಆ ದಿನಗಳಲ್ಲಿ ಅಷ್ಟು ಸಾಮಾನ್ಯವಾಗಿತ್ತು. ಹಳ್ಳಿಯಿಂದ ಬಂದ ಬಹಳಷ್ಟು ಸೈನಿಕರಿಗೆ ಕೈಗಡಿಯಾರ ಕೈಗೆಟುಕದ ವಸ್ತುವಾಗಿತ್ತು ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜನಸಾಮಾನ್ಯರಿಗಾಗಿ ಬಂದ ಕೈಗಡಿಯಾರದ ಹೆಸರು ‘ಪೊಬೇದ’, ಅಂದರೆ ವಿಜಯ. ಹದಿನೈದು ಕಲ್ಲುಗಳ ಸರಳ ವಾಚು ಅದು. ಕಲ್ಲು ಎಂದರೆ ಚಕ್ರದ ಅಚ್ಚುಗಳು ಸವೆಯದಂತೆ ಅವುಗಳ ತುದಿಗೆ ಕೂರಿಸುವ ಕೃತಕ ಮಾಣಿಕ್ಯ. ವಿಜಯದ ಒಳಗೆ ತಿರುಗುತ್ತಿದ್ದುದು ಯುದ್ಧಪೂರ್ವದಲ್ಲಿ ಫ್ರಾನ್ಸಿನ ಲಿಪ್‌ನಿಂದ ಬಂದ ವಿನ್ಯಾಸ. ಜರ್ಮನಿಯ ಗಡಿಯಾರ ಪಟ್ಟಣ ಗ್ಲಾಶುಟ್ಟೆಯ ಕಾರ್ಖಾನೆಗಳನ್ನು ಯುದ್ಧ ಪರಿಹಾರದ ಲೆಕ್ಕದಲ್ಲಿ ಬಿಚ್ಚಿ ಸೋವಿಯತ್ ಒಕ್ಕೂಟಕ್ಕೆ ಸಾಗಿಸಿದ್ದೂ ಇದೇ ಕಾಲದಲ್ಲಿ. ಜರ್ಮನ್ ಪೈಲಟ್‌ಗಳಿಗಾಗಿ ಮಾಡಿದ್ದ ಸ್ಟಾಪ್‌ವಾಚು ಸಹಿತದ ಗಡಿಯಾರವೊಂದು ನಾಲ್ಕೈದು ವರ್ಷಗಳಲ್ಲಿ ಮಾಸ್ಕೋದ ಕಾರ್ಖಾನೆಯ ಹೆಸರು ಹೊತ್ತು ಮರುಹುಟ್ಟು ಪಡೆಯಿತು. ಸೈನಿಕನ ಕೈಯಲ್ಲಿದ್ದ ಎರಡನೆಯ ವಾಚನ್ನು ಫೋಟೋದಿಂದ ಕೆರೆದು ತೆಗೆಯಬಹುದಿತ್ತು. ಇಡೀ ಕಾರ್ಖಾನೆ ತಂದರೆ ಅದಕ್ಕೆ ಕಾನೂನಿನ ಹೆಸರೊಂದು ದೊರೆಯುತ್ತಿತ್ತು.

ವೀರಕಥೆಗಳ ಕಾಲ ಶುರುವಾಗುವುದು ಇಲ್ಲಿಂದ. 1949ರಲ್ಲಿ ವಾಯುಪಡೆಗಾಗಿ ‘ಶ್ತುರ್ಮಾನ್‌ಸ್ಕಿಯೆ’ ಬಂತು. ಹೆಸರಿನ ಅರ್ಥ ‘ವಿಮಾನದ ದಾರಿಗಾರನದು’. ಇದರ ವಿಶೇಷವೆಂದರೆ ಕೀಲಿಯ ತಿರುಪನ್ನು ಹೊರಗೆಳೆದ ಕೂಡಲೇ ಸೆಕೆಂಡಿನ ಮುಳ್ಳು ನಿಂತುಬಿಡುತ್ತದೆ. ಸೂಚನೆ ಬಂದ ಕ್ಷಣ ಒಳಗೆ ತಳ್ಳಿದರೆ ಎಲ್ಲರ ಮುಳ್ಳುಗಳೂ ಒಟ್ಟಿಗೆ ಹೊರಡುತ್ತವೆ. ಇದೇಕೆ ಮುಖ್ಯ? ಗಂಟೆಗೆ 600 ಕಿಲೋಮೀಟರ್ ವೇಗದ ವಿಮಾನ ಆರು ಸೆಕೆಂಡಿಗೆ ಒಂದು ಕಿಲೋಮೀಟರ್ ದಾಟುತ್ತದೆ. ಮೋಡದ ನಡುವೆ ವೇಗ ಮತ್ತು ಸಮಯಗಳನ್ನು ಗುಣಿಸಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವವನಿಗೆ ಅರ್ಧ ನಿಮಿಷದ ವ್ಯತ್ಯಾಸವೆಂದರೆ ಐದು ಕಿಲೋಮೀಟರಿನ ವ್ಯತ್ಯಾಸ. ಈ ವಾಚುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವಾಯುಪಡೆಯವರಿಗೆ ಮಾತ್ರ ಕೊಡುತ್ತಿದ್ದರು. 1961ರ ಏಪ್ರಿಲ್ 12ರಂದು 108 ನಿಮಿಷಗಳ ಯಾನ ಮಾಡಿದ ಯೂರಿ ಗಗಾರಿನ್ ಕೈಯಲ್ಲಿದ್ದದ್ದೂ ಶ್ತುರ್ಮಾನ್‌ಸ್ಕಿಯೆ. ಅದನ್ನು ಬಾಹ್ಯಾಕಾಶಕ್ಕೆಂದು ಯಾರೂ ಮಾಡಿರಲಿಲ್ಲ. ಯುದ್ಧವಿಮಾನದ ಪೈಲಟ್ ಆಗಿದ್ದವನು ಪೈಲಟ್‌ಗಳ ವಾಚು ಕಟ್ಟಿಕೊಂಡು ಹೋಗಿದ್ದ.

1959ರಲ್ಲಿ ಬಂದ ‘ಸ್ತ್ರೆಲಾ’, ಅಂದರೆ ಬಾಣ, ವಾಯುಪಡೆಗಾಗಿಯೇ ಮಾಡಿದ ಸ್ಟಾಪ್‌ವಾಚು ಸಹಿತದ ಗಡಿಯಾರ. 1965ರ ಮಾರ್ಚ್ 18ರಂದು ಮನುಷ್ಯ ಮೊದಲ ಬಾರಿಗೆ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದಾಗ ಅಲೆಕ್ಸೇಯ್ ಲಿಯೊನೋವ್ ಬಳಿ ಇದ್ದದ್ದು ಸ್ತ್ರೆಲಾ. ಅದರ ಮೂಲ ಸ್ವಿಟ್ಜರ್ಲೆಂಡಿನ ‘ವೀನಸ್’ ಎಂಬ ಯಂತ್ರದ ವಿನ್ಯಾಸ. ಎಪ್ಪತ್ತರ ದಶಕದಲ್ಲಿ ಅದರ ಜಾಗಕ್ಕೆ ಬಂದ ‘ಪಲ್ಯೋತ್ 3133’ಕ್ಕೂ ಸ್ವಿಸ್ ‘ವಾಲ್‌ಜೂ’ ಯಂತ್ರವೇ ಮಾದರಿ. ಅದರ ಉಪಕರಣಗಳನ್ನು ಸ್ವಿಟ್ಜರ್ಲೆಂಡಿನಿಂದಲೇ ಕೊಂಡು ತಂದಿದ್ದರು.

ಇದನ್ನೆಲ್ಲ ಓದಿದವರು ಸೋವಿಯತ್ ಗಡಿಯಾರವೆಂದರೆ ಬರೀ ನಕಲು ಎಂದುಬಿಡಬಹುದು. ಆ ಮಾತು ಸಲ್ಲದು ಎನ್ನುವುದಕ್ಕೆ ಚಿಸ್ತೊಪೊಲ್‌ನ ‘ಅಂಫಿಬಿಯಾ’ ಸಾಕು. 1967ರಲ್ಲಿ ಬಂದ ಇದು 200 ಮೀಟರ್ ಆಳದಲ್ಲೂ ನೀರು ತಡೆಯುವ ಮುಳುಗುಗಾರರ ವಾಚು. ವಿನ್ಯಾಸಕಾರರು ಮಿಖಾಯಿಲ್ ನೋವಿಕೋವ್ ಮತ್ತು ವೇರಾ ಬೆಲೋವಾ. ಪಶ್ಚಿಮದ ಕಂಪನಿಗಳು ಬಿಗಿಯಾದ ತಿರುಪು, ಗಟ್ಟಿ ಗಾಜು, ಅತಿ ನಿಖರ ಕಡೆತದಿಂದ ನೀರಿನ ಒತ್ತಡವನ್ನು ತಡೆಯುತ್ತಿದ್ದವು. ಇವರಿಬ್ಬರು ಒತ್ತಡವನ್ನೇ ಕೆಲಸಕ್ಕೆ ಹಚ್ಚಿದರು. ಅಂಫಿಬಿಯಾದ ‘ಗಾಜು’ ಗುಮ್ಮಟದಂತೆ ಉಬ್ಬಿದ ದಪ್ಪ ಅಕ್ರಿಲಿಕ್. ಆಳಕ್ಕೆ ಇಳಿದಂತೆ ನೀರು ಅದನ್ನು ಅದುಮುತ್ತದೆ, ಅದುಮಿದಷ್ಟೂ ಅದರ ಅಂಚು ಲೋಹದ ಗೋಡೆಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಹಿಂದಿನ ಮುಚ್ಚಳ ಎರಡು ಭಾಗದ್ದು. ಒಂದು ತಿರುಗದಂತೆ ಕಚ್ಚಿನಲ್ಲಿ ಕೂರುವ ಬಿಲ್ಲೆ, ಇನ್ನೊಂದು ಅದನ್ನು ಹಿಡಿಯುವ ತಿರುಪಿನ ಬಳೆ. ಹಾಗಾಗಿ ಬಿಗಿಯುವಾಗ ಒಳಗಿನ ರಬ್ಬರ್ ತಿರುಚಿಕೊಳ್ಳುವುದಿಲ್ಲ. ಆಳ ಹೆಚ್ಚಿದಂತೆ ಬಿಲ್ಲೆಯೂ ರಬ್ಬರಿನ ಮೇಲೆ ಇನ್ನಷ್ಟು ಒತ್ತುತ್ತದೆ.

ನನ್ನ ಬಳಿ ಒಂದು ಅಂಫಿಬಿಯಾ ಇದೆ. ಕೀಲಿಯ ತಿರುಪನ್ನು ಬಿಚ್ಚಿದರೆ ಅದು ಅತ್ತಿತ್ತ ಲೊಳ್ಳೆಂದು ಅಲ್ಲಾಡುತ್ತದೆ. ಮೊದಲ ಸಲ ನೋಡಿದವರೆಲ್ಲ ‘ಇದು ಮುರಿದಿದೆ’ ಎನ್ನುತ್ತಾರೆ. ಮುರಿದಿಲ್ಲ. ತಿರುಪಿಗೂ ಒಳಗಿನ ಕಂಬಿಗೂ ಗಟ್ಟಿ ಬೆಸುಗೆ ಇಲ್ಲ, ಹೊರಗಿನ ಪೆಟ್ಟು ಒಳಗೆ ಮುಟ್ಟಬಾರದೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ನಯ ನಾಜೂಕಿಗೆ ಹಣವಿಲ್ಲದ ಕಡೆ ಬುದ್ಧಿ ಹೇಗೆ ಓಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಸೈನಿಕ ಪರಂಪರೆಯ ಪಟ್ಟಿಯಲ್ಲಿ ಸೇನಾಧಿಕಾರಿಗಳ ಹೆಸರಿಗಿಂತ ಮೊದಲು ವೇರಾ ಬೆಲೋವಾ ಹೆಸರು ಬರಬೇಕೆಂದು ನನಗನ್ನಿಸುವುದು ಇದಕ್ಕೇ.

ಅಂಫಿಬಿಯಾದ ಅಣ್ಣ ಕಮಾಂದಿರ್‌ಸ್ಕಿಯೆ. 1965ರಲ್ಲಿ ಚಿಸ್ತೊಪೊಲ್ ಕಾರ್ಖಾನೆ ರಕ್ಷಣಾ ಸಚಿವಾಲಯದ ಅಧಿಕೃತ ಸರಬರಾಜುದಾರನಾಯಿತು. ಅದರ ಫಲ ಈ ವಾಚು. ಹೆಸರು ‘ಕಮಾಂಡರ್‌ಗಳದು’ ಎಂದಾದರೂ ಕವಚ ಕ್ರೋಮ್ ಲೇಪಿಸಿದ ಹಿತ್ತಾಳೆ. ಆರಂಭದಲ್ಲಿ ನಾನು ಹೇಳಿದ ಆ ಸಾಲು ಇದ್ದ ವಾಚುಗಳು ಸಿಗುತ್ತಿದ್ದುದು ‘ವೊಯೆನ್‌ತೋರ್ಗ್’ ಎಂಬ ಸೈನಿಕರ ಅಂಗಡಿಗಳಲ್ಲಿ, ನಮ್ಮ ಮಿಲಿಟರಿ ಕ್ಯಾಂಟೀನಿನಂಥ ವ್ಯವಸ್ಥೆಯಲ್ಲಿ. ಅಂದರೆ ಡಯಲ್ಲಿನ ಮೇಲೆ ಟ್ಯಾಂಕಿನ ಚಿತ್ರವಿದ್ದ ಮಾತ್ರಕ್ಕೆ ಅದು ಟ್ಯಾಂಕಿನೊಳಗೆ ಇತ್ತೆಂದಲ್ಲ. ಸಂಬಳದ ದಿನ ಅಧಿಕಾರಿಯೊಬ್ಬ ದುಡ್ಡು ಕೊಟ್ಟು ಕೊಂಡದ್ದೂ ಆಗಿರಬಹುದು.

ಲೆನಿನ್‌ಗ್ರಾದ್ ಸಮೀಪದ ಪೀಟರ್‌ಹಾಫ್‌ನ ಕಾರ್ಖಾನೆಯದು ಇನ್ನೊಂದು ದಾರಿ. 1721ರಲ್ಲಿ ಪೀಟರ್ ಚಕ್ರವರ್ತಿ ಅರಮನೆಗೆ ಬೇಕಾದ ಕಲ್ಲುಗಳನ್ನು ಕೊಯ್ಯಲು ಸ್ಥಾಪಿಸಿದ ಕಾರ್ಖಾನೆ ಅದು. ಕಲ್ಲು ಕೊಯ್ಯುವ ಕಸುಬೇ ವಾಚಿನ ಕಲ್ಲು ಮಾಡುವ ಕಸುಬಾಯಿತು. ಮಹಾಯುದ್ಧದಲ್ಲಿ ಪಾಳುಬಿದ್ದು ಮತ್ತೆ ಎದ್ದು, ಗಗಾರಿನ್‌ ಯಾನದ ನಂತರ ‘ರಕೇತಾ’ ಎಂಬ ಹೆಸರು ಪಡೆಯಿತು. ಇವರ 24 ಗಂಟೆಯ ಡಯಲ್ ಪ್ರಸಿದ್ಧ. ಗಂಟೆಯ ಮುಳ್ಳು ಇದರಲ್ಲಿ ದಿನಕ್ಕೆ ಒಂದೇ ಸುತ್ತು ಹಾಕುತ್ತದೆ. ಆರು ತಿಂಗಳು ಸೂರ್ಯ ಮುಳುಗದ ಧ್ರುವದಲ್ಲಿ, ಹಗಲು ರಾತ್ರಿ ಕಾಣದ ಜಲಾಂತರ್ಗಾಮಿಯಲ್ಲಿ ಇರುವವರಿಗೆ ಆರು ಗಂಟೆಯೆಂದರೆ ಬೆಳಗಿನದೋ ಸಂಜೆಯದೋ ಎಂದು ಹೇಳುವ ಗಡಿಯಾರ ಬೇಕಲ್ಲ.

ಮತ್ತೆ ಚಿಸ್ತೊಪೊಲ್‌ಗೆ ಬರೋಣ. ವೊಸ್ತೊಕ್ ವಾಚುಗಳು ಹೊರಬರುತ್ತಿದ್ದ ಆ ಊರಿನಲ್ಲಿ ರಾಜಕೀಯ ಕೈದಿಗಳನ್ನು ಇಡುತ್ತಿದ್ದ ಜೈಲೂ ಇತ್ತು. ಸೋವಿಯತ್ ಶಿಬಿರಗಳ ಬಗ್ಗೆ ಬರೆದ ಅನತೋಲಿ ಮಾರ್ಚೆಂಕೋ, ರಾಜಕೀಯ ಕೈದಿಗಳ ಬಿಡುಗಡೆಗಾಗಿ ದೀರ್ಘ ಉಪವಾಸ ನಡೆಸಿ, 1986ರ ಡಿಸೆಂಬರ್ 8ರಂದು ತೀರಿಕೊಂಡದ್ದು ಇಲ್ಲೇ. ಅವನಿಗೆ ಆಗ 48 ವರ್ಷ. ಒಂದೇ ಊರಿನಲ್ಲಿ ಒಂದು ಕಡೆ ಸಮಯವನ್ನು ತಯಾರಿಸುತ್ತಿದ್ದರು, ಇನ್ನೊಂದು ಕಡೆ ಜನ ಶಿಕ್ಷೆಯ ದಿನಗಳನ್ನು ಎಣಿಸುತ್ತಿದ್ದರು. ಸಂಗ್ರಹಕಾರರ ಪುಸ್ತಕಗಳಲ್ಲಿ ಡಯಲ್ಲಿನ ಬಣ್ಣ, ಮುಳ್ಳಿನ ಆಕಾರಗಳ ಬಗ್ಗೆ ಪುಟಗಟ್ಟಲೆ ಇರುತ್ತದೆ. ಈ ಜೈಲಿನ ಮಾತು ಕಾಣಿಸುವುದು ಅಪರೂಪ.

ಇದನ್ನು ಓದುವಾಗ ಕನ್ನಡಿಗರಿಗೆ ಎಚ್‌ಎಂಟಿ ನೆನಪಾಗದೆ ಇರದು. ಸರ್ಕಾರವೇ ಮುಂದೆ ನಿಂತು ಗಡಿಯಾರ ಮಾಡಿದ ಕಥೆ ನಮ್ಮದೂ ಹೌದು. 1961ರಲ್ಲಿ ಬೆಂಗಳೂರಿನ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ‘ಜನತಾ’, ‘ಪೈಲಟ್’, ‘ಜವಾನ್’ ಎಂಬ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಜನ, ಆಕಾಶ, ಸೈನ್ಯ ಎಂಬ ಅದೇ ಕನಸುಗಳು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೆ ನಮಗೆ ಎಚ್‌ಎಂಟಿ ಎಂದರೆ ಮೊದಲು ನೆನಪಾಗುವುದು ಅಪ್ಪನ ಮಣಿಕಟ್ಟು, ಮದುವೆಯ ಉಡುಗೊರೆ, ಕಾರ್ಖಾನೆಯ ಕಾಲೋನಿ. ರಷ್ಯದ ವಾಚುಗಳಿಗೂ ಇಂಥ ಮನೆಯ ನೆನಪುಗಳಿವೆ. ಹೊರಗಿನ ಮಾರುಕಟ್ಟೆಗೆ ಅವು ಬೇಕಿಲ್ಲ, ಅದಕ್ಕೆ ಬೇಕಾದದ್ದು ಟ್ಯಾಂಕು.

ಮಾರುಕಟ್ಟೆಯ ಈ ಹಸಿವು ಎಷ್ಟು ದೂರ ಹೋಯಿತೆಂದರೆ, 1990-91ರ ಕೊಲ್ಲಿ ಬಿಕ್ಕಟ್ಟಿನ ಹೊತ್ತಿಗೆ ವೊಸ್ತೊಕ್ ವಾಚುಗಳ ಡಯಲ್ಲಿನ ಮೇಲೆ ‘ಆಪರೇಷನ್ ಡೆಸರ್ಟ್ ಶೀಲ್ಡ್’ ಎಂಬ ಅಕ್ಷರಗಳು ಮೂಡಿದವು. ಅದು ಅಮೆರಿಕದ ಸೈನಿಕ ಕಾರ್ಯಾಚರಣೆಯ ಹೆಸರು! ಅರವತ್ತು ವರ್ಷಗಳ ಹಿಂದೆ ಅಮೆರಿಕದ ಯಂತ್ರಗಳಿಂದ ರಷ್ಯದ ಸೈನ್ಯಕ್ಕೆ ವಾಚು ಮಾಡಿದ್ದರು. ಈಗ ರಷ್ಯದ ಕಾರ್ಖಾನೆ ಅಮೆರಿಕದ ಯುದ್ಧವನ್ನು ನೆನಪಿನ ಕಾಣಿಕೆಯಾಗಿ ಮಾರುತ್ತಿತ್ತು. ಒಕ್ಕೂಟ ಒಡೆದ ಮೇಲೆ ಮಾಸ್ಕೋದ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಕಣ್ಮುಚ್ಚಿದವು. ಚಿಸ್ತೊಪೊಲ್‌ನಲ್ಲಿ ಮತ್ತು ಪೀಟರ್‌ಹಾಫ್‌ನಲ್ಲಿ ಇಂದಿಗೂ ವಾಚು ತಯಾರಾಗುತ್ತಿವೆ.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿದ ಮೇಲೆ ‘ಸೈನಿಕ ಪರಂಪರೆ’ ಎಂಬ ಮಾತನ್ನು ಹಳೆಯ ನಿಶ್ಚಿಂತೆಯಲ್ಲಿ ಆಡುವುದು ನನ್ನಿಂದಾಗುವುದಿಲ್ಲ. ಹಿತ್ತಾಳೆಯ ಕವಚಕ್ಕೆ ಪಾಪ ಪುಣ್ಯ ಇಲ್ಲ, ನಿಜ. ಆದರೆ ಇತಿಹಾಸ ಓದುವವರಿಗೆ ಒಂದು ಕರ್ತವ್ಯವಿದೆ. ಡಯಲ್ಲಿನ ಮೇಲೆ ಬರೆದದ್ದನ್ನು ಓದುವುದರ ಜೊತೆಗೆ, ಸೂಜಿಯಿಂದ ಕೆರೆದು ತೆಗೆದದ್ದು ಯಾವುದೆಂದೂ ಕೇಳಬೇಕು. ಓಹಾಯೋದಲ್ಲಿ ಕೆಲಸ ಕಳೆದುಕೊಂಡು ಮಾಸ್ಕೋದಲ್ಲಿ ಪಾಠ ಹೇಳಿದ ವಾಚುಗಾರರು, ಗ್ಲಾಶುಟ್ಟೆಯ ಬರಿದಾದ ಕಾರ್ಖಾನೆಗಳು, ಒತ್ತಡವನ್ನೇ ಬಲವಾಗಿ ಮಾಡಿಕೊಂಡ ಇಬ್ಬರು ವಿನ್ಯಾಸಕಾರರು, ಪಾತ್ರೆ ತೊಳೆಯುವ ಕೆಲಸಕ್ಕೆ ಅರ್ಜಿ ಹಾಕಿದ ಕವಿ, ಉಪವಾಸದಲ್ಲಿ ಸತ್ತ ಕೈದಿ. ಇವರ್ಯಾರ ಹೆಸರೂ ಡಯಲ್ಲಿನ ಮೇಲೆ ಇಲ್ಲ. ‘ವಿಜಯ’ ಎಂಬ ಹೆಸರಿನ ಗಡಿಯಾರಕ್ಕೆ ಕೀಲಿ ಕೊಟ್ಟವರು ಇವರೂ ಹೌದು.